ಹಳೆ ಗಾಡಿಗೆ ವೈಡ್‌ಬ್ಯಾಂಡ್ ಸೆನ್ಸರ್: ಕೊಳ್ಳುವುದರಿಂದ ಘಟ್ಟ ಹತ್ತಿಸುವವರೆಗೆ

ಕುಮಟಾದಿಂದ ಶಿರಸಿಗೆ ಬರಬೇಕೆಂದರೆ ದೇವಿಮನೆ ಘಟ್ಟ ಹತ್ತಬೇಕು. ಸಮುದ್ರದ ಮಟ್ಟದಿಂದ ಹೊರಟ ಗಾಡಿ ಸುಮಾರು 600 ಮೀಟರ್ ಎತ್ತರಕ್ಕೆ ಬರುತ್ತದೆ. ನಮ್ಮ ಮನೆಯ ಹಳೆ ಕಾರ್ಬೋರೇಟರ್ ಜಿಪ್ಸಿ ಕೆಳಗೆ ಚೆನ್ನಾಗಿಯೇ ಓಡುತ್ತಿತ್ತು. ಮೇಲೆ ಬರುತ್ತಿದ್ದ ಹಾಗೆ ಮಂಕಾಗುತ್ತಿತ್ತು, ಹಿಂದಿನಿಂದ ಪೆಟ್ರೋಲ್ ವಾಸನೆ ಬರುತ್ತಿತ್ತು. ಮಳೆಗಾಲದಲ್ಲಂತೂ ಇನ್ನೂ ಜಾಸ್ತಿ. ಮಿಕ್ಸ್ಚರ್, ಅಂದರೆ ಗಾಳಿ–ಪೆಟ್ರೋಲ್ ಮಿಶ್ರಣ, ಸರಿಮಾಡುವ ಸ್ಕ್ರೂ ತಿರುಗಿಸಿದೆವು. ಪೆಟ್ರೋಲ್ ಬಿಡುವ ತೂತಿನ ತುಂಡು, ಅಂದರೆ ಜೆಟ್, ಬದಲಿಸಿದೆವು. ಪ್ರತಿ ಸಲ ಪ್ಲಗ್ ಬಿಚ್ಚಿ ಬಣ್ಣ ನೋಡಿದೆವು. ಆದರೆ ಪ್ಲಗ್ಗಿನ ಬಣ್ಣ ಅಷ್ಟು ದೂರ ಓಡಿದ್ದರ ಒಟ್ಟು ಲೆಕ್ಕ ಮಾತ್ರ ಕೊಡುತ್ತದೆ. ಯಾವ ತಿರುವಿನಲ್ಲಿ, ಆಕ್ಸಿಲರೇಟರ್ ಎಷ್ಟು ಒತ್ತಿದಾಗ ಮಿಕ್ಸ್ಚರ್ ಕೆಟ್ಟಿತು ಅಂತ ಅದರಿಂದ ಗೊತ್ತಾಗುವುದಿಲ್ಲ.

ಸೈಲೆನ್ಸರಿನ ಹೊಗೆಯಲ್ಲಿರುವ ಆಕ್ಸಿಜನ್ ಅಳೆದು ಅದನ್ನು ಆ ಕ್ಷಣದಲ್ಲೇ ತೋರಿಸುವುದು ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್. ಕಡಿಮೆ ಖರ್ಚಿನಲ್ಲಿ ಅದನ್ನು ಹೇಗೆ ಆರಿಸಬೇಕು, ಹೇಗೆ ಕೂರಿಸಬೇಕು, ಅದು ತೋರಿಸುವ ಅಂಕಿಯನ್ನು ಹೇಗೆ ಓದಬೇಕು ಅಂತ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕಿಟ್ಟಿನಲ್ಲಿ ಅಂಕಿ ತೋರಿಸುವ ಮೀಟರ್, ಅಂದರೆ ಗೇಜ್, ವರ್ಷಗಟ್ಟಲೆ ಬಾಳುತ್ತದೆ, ಸೆನ್ಸರ್ ಬಾಳುವುದಿಲ್ಲ. ಅದು ಬ್ರೇಕ್ ಲೈನರ್ ಇದ್ದ ಹಾಗೆ, ಸವೆಯುವ ಸಾಮಾನು. ಹಾಗಾಗಿ ನನ್ನ ಲೆಕ್ಕದಲ್ಲಿ ಅಗ್ಗದ ಕಿಟ್ ಅಂದರೆ, ಸೆನ್ಸರ್ ಹೋದಾಗ ಅದೊಂದನ್ನೇ, ಅಸಲಿಯದನ್ನೇ, ಸುಲಭವಾಗಿ ತಂದು ಹಾಕಿಕೊಳ್ಳಲು ಬರುವಂಥದ್ದು. ಮುಂದಿನದೆಲ್ಲ ಈ ಲೆಕ್ಕದ ಮೇಲೇ ನಿಂತಿದೆ.

ಮೊದಲು, ನಿಮಗೆ ಬೇಕೇ ನೋಡಿ

ಕಂಪನಿಯಿಂದ ಬಂದ ಹಾಗೇ ಇರುವ ಇಂಜೆಕ್ಷನ್ ಕಾರು ಅಥವಾ ಬೈಕಿಗೆ ಇದು ಬೇಡ. ಅದರ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ತನ್ನ ಸೆನ್ಸರ್ ನೋಡಿಕೊಂಡು ಮಿಕ್ಸ್ಚರ್ ಸರಿಮಾಡಿಕೊಳ್ಳುತ್ತದೆ. ತೊಂದರೆ ಬಂದರೆ ಸ್ಕ್ಯಾನರ್ ಹಾಕಿಸಿ, ಸಾಕು. ಬೇಕಾಗುವುದು ಯಾರಿಗೆ ಅಂದರೆ, ಕಾರ್ಬೋರೇಟರ್ ಗಾಡಿ ಇಟ್ಟುಕೊಂಡು ಜೆಟ್, ಏರ್ ಫಿಲ್ಟರ್, ಸೈಲೆನ್ಸರ್ ಬದಲಿಸಿದವರಿಗೆ. ಎಂಜಿನ್ ಬೋರ್ ಮಾಡಿಸಿದವರಿಗೆ. ಸ್ಪೀಡುಯಿನೊ, ಮೆಗಾಸ್ಕ್ವರ್ಟ್ ಥರದ ಇಸಿಯು ಹಾಕಿ ಪೆಟ್ರೋಲ್ ಮ್ಯಾಪ್ (ಯಾವಾಗ ಎಷ್ಟು ಪೆಟ್ರೋಲ್ ಅನ್ನುವ ಪಟ್ಟಿ) ತಾವೇ ಬರೆಯುವವರಿಗೆ.

"ಗಾಡಿಯಲ್ಲಿ ಮೊದಲೇ ಒಂದು ಆಕ್ಸಿಜನ್ ಸೆನ್ಸರ್ ಇದೆಯಲ್ಲ, ಅದಕ್ಕೇ ಮೀಟರ್ ಹಾಕಿದರೆ ಆಗದಾ?" ಅಂತ ಬಹಳ ಜನ ಕೇಳುತ್ತಾರೆ. ಆಗುವುದಿಲ್ಲ. ಹೆಚ್ಚಿನ ಗಾಡಿಗಳಲ್ಲಿ ಇರುವುದು ನ್ಯಾರೋಬ್ಯಾಂಡ್. ಅದು ಸುಮಾರು 0.1ರಿಂದ 0.9 ವೋಲ್ಟ್ ಕೊಡುತ್ತದೆ. ಗಾಳಿ ಮತ್ತು ಪೆಟ್ರೋಲ್ ಸರಿಸಮ ಇರುವ (ಎರಡೂ ಉಳಿಯದ ಹಾಗೆ ಪೂರ್ತಿ ಉರಿಯುವ) ಹದದಲ್ಲಿ, ಅಂದರೆ 0.45 ವೋಲ್ಟಿನ ಆಸುಪಾಸಿನಲ್ಲಿ, ಒಮ್ಮೆಲೇ ಈ ಕಡೆಯಿಂದ ಆ ಕಡೆ ಹಾರುತ್ತದೆ. ಮಿಕ್ಸ್ಚರ್ ರಿಚ್ (ಪೆಟ್ರೋಲ್ ಜಾಸ್ತಿ) ಇದೆಯೋ ಲೀನ್ (ಗಾಳಿ ಜಾಸ್ತಿ) ಇದೆಯೋ ಅಂತ ಅಷ್ಟೇ ಗೊತ್ತಾಗುತ್ತದೆ. ಬಾವಿಯಲ್ಲಿ ನೀರಿದೆ ಅಂತ ಹೇಳಬಲ್ಲದು, ಎಷ್ಟು ಮೊಳ ಇದೆ ಅಂತ ಹೇಳಲಾರದು. ಟ್ಯೂನಿಂಗ್ ಮಾಡುವವರಿಗೆ ಬೇಕಾದದ್ದು ಆ ಮೊಳದ ಲೆಕ್ಕ.

ವೈಡ್‌ಬ್ಯಾಂಡಿನ ಒಳಗೆ ಒಂದು ಪುಟ್ಟ ಕೋಣೆ ಇದೆ. ಅದಕ್ಕೆ ಅಂಟಿಕೊಂಡು ಆಕ್ಸಿಜನ್ ಪಂಪ್ ಮಾಡುವ ಪದರ ಇದೆ. ಸೈಲೆನ್ಸರಿನ ಹೊಗೆಯಲ್ಲಿ ಆಕ್ಸಿಜನ್ ಉಳಿದಿದ್ದರೆ ಹೊರಗೆ ಪಂಪ್ ಮಾಡುತ್ತದೆ, ಕಮ್ಮಿ ಇದ್ದರೆ ಒಳಗೆ ತರುತ್ತದೆ. ಕೋಣೆಯಲ್ಲಿ ಸದಾ ಒಂದೇ ಹದ ಇರುವಂತೆ ನೋಡಿಕೊಳ್ಳಲು ಎಷ್ಟು ಕರೆಂಟ್ ಬೇಕಾಯಿತು ಅನ್ನುವುದೇ ಅಳತೆ. ಮಿಕ್ಸ್ಚರ್ ಸರಿಸಮ ಇದ್ದರೆ ಕರೆಂಟ್ ಸೊನ್ನೆ. ಇದೆಲ್ಲ ನಡೆಯಬೇಕಾದರೆ ಸೆನ್ಸರಿನ ತುದಿ 750–780 ಡಿಗ್ರಿ ಕಾದಿರಬೇಕು, ಆ ಬಿಸಿ ಏರುಪೇರಾಗಬಾರದು. ಹಾಗಾಗಿ ಸೆನ್ಸರ್ ಒಂದನ್ನೇ ತಂದರೆ ಪ್ರಯೋಜನವಿಲ್ಲ. ಬಿಸಿ ಕಾಯ್ದು, ಪಂಪ್ ನಡೆಸಿ, ಅಂಕಿ ಕೊಡುವ ಕಂಟ್ರೋಲರ್ ಜೊತೆಗೇ ಬೇಕು.

ಗೇಜ್ ನೋಡುವ ಮುಂಚೆ ಸೆನ್ಸರ್ ಯಾವುದು ಅಂತ ಕೇಳಿ

ಅಂಗಡಿಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಎಲ್ಲರ ಕಣ್ಣು ಮೊದಲು ಹೋಗುವುದು ಗೇಜಿನ ಮೇಲೆ. ಅದರ ಬಣ್ಣ, ಲೈಟು, ಚಂದದ ಗಾಜು. ಅದನ್ನು ಬದಿಗಿಟ್ಟು, "ಇದಕ್ಕೆ ಯಾವ ಸೆನ್ಸರ್ ಬರುತ್ತೆ?" ಅಂತ ಕೇಳಿ. ಉತ್ತರ "ಬಾಷ್ ಎಲ್‌ಎಸ್‌ಯು 4.9" ಅಂತ ಬಂದರೆ ಮುಂದೆ ಮಾತಾಡಬಹುದು.

4.9 ಯಾಕೆ ಅಂದರೆ, ಹಳೆಯ ಎಲ್‌ಎಸ್‌ಯು 4.2 ಹೋಲಿಕೆಗೆ ಬೇಕಾದ ಗಾಳಿಯನ್ನು ವೈರಿನ ಮೂಲಕ ಹೊರಗಿನಿಂದ ತೆಗೆದುಕೊಳ್ಳುತ್ತದೆ. ಆ ಗಾಳಿ ಕೆಟ್ಟರೆ ಅಂಕಿ ಜಾರುತ್ತದೆ. 4.9ರಲ್ಲಿ ಆ ಹೋಲಿಕೆಯ ಆಕ್ಸಿಜನ್ ಒಳಗೇ ತಯಾರಾಗುತ್ತದೆ. ನಮ್ಮ ಕಡೆಯ ಮಳೆ, ಕೆಸರು, ಕಾರವಾರದ ಉಪ್ಪು ಗಾಳಿ ನೆನೆಸಿಕೊಂಡರೆ ಇದು ಸಣ್ಣ ವಿಷಯ ಅಲ್ಲ. ಎರಡನೆಯ ಕಾರಣ ಇನ್ನೂ ಮುಖ್ಯ. 4.9 ಬಹಳ ಕಂಪನಿಗಳ ಕಂಟ್ರೋಲರಿಗೆ ಹೊಂದುತ್ತದೆ, ಬಿಡಿಯಾಗಿ ಸಿಗುತ್ತದೆ. ಟ್ಯೂನಿಂಗ್ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಪಾರ್ಟ್ ನಂಬರ್ 0 258 017 025. ಇದನ್ನು ಬರೆದಿಟ್ಟುಕೊಳ್ಳಿ.

ಎಲ್‌ಎಸ್‌ಯು ಎಡಿವಿ ಅಂತ ಹೊಸದೊಂದಿದೆ. ಒಳ್ಳೆಯದೇ, ಆದರೆ ಎಲ್ಲ ಕಂಟ್ರೋಲರುಗಳೂ ಅದಕ್ಕೆ ಹೊಂದುವುದಿಲ್ಲ. ಎನ್‌ಟಿಕೆ ಸೆನ್ಸರುಗಳೂ ಚೆನ್ನಾಗಿವೆ. ಆದರೆ ಖರ್ಚಿನ ಕಡೆ ನೋಡುವವರಿಗೆ ಮತ್ತು ಬಿಡಿ ಸಾಮಾನು ಬೇಗ ಬೇಕು ಅನ್ನುವವರಿಗೆ ನಾನು 4.9 ಅನ್ನೇ ಹೇಳುತ್ತೇನೆ. 4.2 ಮತ್ತು 4.9 ಒಂದಕ್ಕೊಂದು ಬದಲಿ ಅಲ್ಲ ಅನ್ನುವುದು ನೆನಪಿರಲಿ. ಕಂಟ್ರೋಲರ್ ಯಾವುದಕ್ಕೆ ಮಾಡಿದ್ದೋ ಅದನ್ನೇ ಹಾಕಬೇಕು.

ಬಹಳ ಜನ ಎಡವುವ ಜಾಗ ಇನ್ನೊಂದಿದೆ. "ಏರ್ ಫ್ಯುಯೆಲ್ ಗೇಜ್" ಅಂತ ತೀರಾ ಕಡಿಮೆ ಬೆಲೆಗೆ ಮಾರುವ, ಸಾಲು ಎಲ್‌ಇಡಿ ಕುಣಿಯುವ ಮೀಟರುಗಳು. ಅವು ನ್ಯಾರೋಬ್ಯಾಂಡಿನ ವೋಲ್ಟೇಜ್ ತೋರಿಸುವ ಮೀಟರುಗಳು ಅಷ್ಟೇ. ಜೊತೆಗೆ ಬರುವ ಸೆನ್ಸರಿಗೆ ಒಂದರಿಂದ ನಾಲ್ಕು ವೈರ್ ಇದ್ದರೆ, ಅಥವಾ "ಗಾಡಿಯ ಸೆನ್ಸರಿಗೇ ಜೋಡಿಸಿ" ಅಂತ ಬರೆದಿದ್ದರೆ ಅದು ನಿಮಗೆ ಬೇಕಾದದ್ದಲ್ಲ. ಎಲ್‌ಎಸ್‌ಯು 4.9ಕ್ಕೆ ಐದು ವೈರ್, ಕನೆಕ್ಟರಿನಲ್ಲಿ ಆರು ಪಿನ್.

ಆ ಆರನೆಯ ಪಿನ್ ಯಾಕೆ? ಕನೆಕ್ಟರಿನ ಒಳಗೆ ಒಂದು ಪುಟ್ಟ ರೆಸಿಸ್ಟರ್ ಇದೆ. ಪ್ರತಿ ಸೆನ್ಸರ್ ತಯಾರಾದ ಮೇಲೆ ಅದರ ಅಳತೆಗೆ ತಕ್ಕ ಹಾಗೆ ಈ ರೆಸಿಸ್ಟರನ್ನು ಫ್ಯಾಕ್ಟರಿಯಲ್ಲೇ ಹೊಂದಿಸುತ್ತಾರೆ. ವೈರ್ ಉದ್ದ ಸಾಲಲಿಲ್ಲ ಅಂತ ಕನೆಕ್ಟರ್ ಕತ್ತರಿಸಿ ಬೇರೆ ಜೋಡಿಸಿದರೆ ಆ ಲೆಕ್ಕವೇ ಹೋಗುತ್ತದೆ. ಉದ್ದ ಬೇಕಿದ್ದರೆ ಕಂಟ್ರೋಲರ್ ಕಡೆಯ ಕೇಬಲ್ ಉದ್ದದ್ದು ತರಿಸಿ. ಸೆನ್ಸರ್ ಕಡೆ ಕತ್ತರಿ ಹಾಕಬೇಡಿ.

ಕಂಟ್ರೋಲರ್ ಆರಿಸುವುದು

ಎರಡು ದಾರಿ ಇದೆ. ಒಂದು, ಗೇಜಿನ ಒಳಗೇ ಕಂಟ್ರೋಲರ್ ಇರುವುದು. ಎಇಎಂ ಕಂಪನಿಯ ಎಕ್ಸ್-ಸೀರೀಸ್ ಈ ಜಾತಿಯದು. ಡ್ಯಾಶ್‌ಬೋರ್ಡಿನಲ್ಲಿ ಕೂರಿಸಿ ವೈರ್ ಕೊಟ್ಟರೆ ಕೆಲಸ ಶುರು. ಇನ್ನೊಂದು, ಗೇಜ್ ಇಲ್ಲದ ಬರೀ ಡಬ್ಬಿ. ಇನ್ನೋವೇಟ್ ಎಲ್‌ಸಿ-2, 14ಪಾಯಿಂಟ್7 ಕಂಪನಿಯ ಸ್ಪಾರ್ಟನ್ 3 ಈ ಸಾಲಿಗೆ ಬರುತ್ತವೆ. ಇವು 0ಯಿಂದ 5 ವೋಲ್ಟಿನ ಸಿಗ್ನಲ್ ಕೊಡುತ್ತವೆ. ಅದನ್ನು ಇಸಿಯುಗೋ ಡಿಸ್‌ಪ್ಲೇಗೋ ಜೋಡಿಸಿಕೊಳ್ಳಬೇಕು.

ಕಾರ್ಬೋರೇಟರ್ ಗಾಡಿಯವರಿಗೆ ಗೇಜ್ ಇರುವುದು ಅನುಕೂಲ. ಸ್ಪೀಡುಯಿನೊ ಹಾಕಿದವರಿಗೆ ಡಬ್ಬಿ ಸಾಕು, ಅಂಕಿ ಹೇಗೂ ಲ್ಯಾಪ್‌ಟಾಪಿನಲ್ಲಿ ಕಾಣುತ್ತದೆ. ಗೇಜಿನ ದುಡ್ಡು ಉಳಿಯುತ್ತದೆ. ಆ ಉಳಿದ ದುಡ್ಡಿಗೆ ಇನ್ನೊಂದು ಸೆನ್ಸರ್ ತಂದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಕೊಳ್ಳುವ ಮುಂಚೆ ಕಂಟ್ರೋಲರಿನ ಪುಸ್ತಕವನ್ನು ನೆಟ್ಟಿನಿಂದ ಇಳಿಸಿಕೊಂಡು ಓದಿ. ಯಾವ ವೋಲ್ಟಿಗೆ ಯಾವ ಅಂಕಿ ಅಂತ ಅದರಲ್ಲಿ ಸ್ಪಷ್ಟವಾಗಿ ಇರಬೇಕು. ಎಇಎಂ ಎಕ್ಸ್-ಸೀರೀಸಿನಲ್ಲಿ ವೋಲ್ಟನ್ನು 2.375ರಿಂದ ಗುಣಿಸಿ 7.3125 ಕೂಡಿಸಿದರೆ ಗಾಳಿ–ಪೆಟ್ರೋಲ್ ಅನುಪಾತ ಬರುತ್ತದೆ. ಸ್ಪಾರ್ಟನ್ನಿನಲ್ಲಿ 0 ವೋಲ್ಟ್ ಅಂದರೆ 10, 5 ವೋಲ್ಟ್ ಅಂದರೆ 20. ಈ ಲೆಕ್ಕವೇ ಬರೆದಿಲ್ಲದ, ಹೆಸರಿಲ್ಲದ ಗೇಜ್ ಎಷ್ಟೇ ಕಡಿಮೆ ಬೆಲೆಗೆ ಸಿಕ್ಕರೂ ಬಿಟ್ಟುಬಿಡಿ. ಅಂಕಿಯ ಅರ್ಥ ಗೊತ್ತಿಲ್ಲದ ಮೀಟರಿನಿಂದ ಜೆಟ್ ಬದಲಿಸಲು ಆಗುವುದಿಲ್ಲ.

ಕ್ಯಾಲಿಬ್ರೇಷನ್ ಹೇಗೆ ಅಂತಲೂ ನೋಡಿ. ಎಲ್‌ಸಿ-2 ಥರದವಕ್ಕೆ ಸೆನ್ಸರನ್ನು ಹೊರಗಿನ ಶುದ್ಧ ಗಾಳಿಯಲ್ಲಿ ಹಿಡಿದು ಆಗಾಗ ಹೊಂದಿಸಬೇಕು. ಎಇಎಂ ಎಕ್ಸ್-ಸೀರೀಸ್ ಕನೆಕ್ಟರಿನ ಆ ರೆಸಿಸ್ಟರ್ ನೋಡಿಕೊಂಡೇ ಸರಿಹೋಗುತ್ತದೆ.

ಕೊಳ್ಳುವಾಗ

ಕಿಟ್ಟಿನ ಬೆಲೆಯಲ್ಲಿ ಸೆನ್ಸರಿನ ಪಾಲೂ ದೊಡ್ಡದೇ. ಅದೇ ಕಾರಣಕ್ಕೆ ನಕಲಿ ಸೆನ್ಸರುಗಳೂ ಬಹಳ. ನಾನು ಮೊದಲು ತರಿಸಿದ್ದು ಅಂಥದ್ದೇ. ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಸಿಕ್ಕಿತ್ತು, ಡಬ್ಬಿಯ ಮೇಲೆ ಎಲ್ಲ ಅಕ್ಷರಗಳೂ ಸರಿಯಾಗೇ ಇದ್ದವು. ಜಿಪ್ಸಿಗೆ ಹಾಕಿದರೆ ಎಲ್ಲ ಕಡೆ ರಿಚ್ ತೋರಿಸಿತು. ನಂಬಿ ಜೆಟ್ ಸಣ್ಣದು ಮಾಡಿದೆ. ಎರಡು ದಿನದಲ್ಲಿ ಘಟ್ಟದಲ್ಲಿ ನಾಕಿಂಗ್ (ಎಂಜಿನ್ನಿನೊಳಗೆ ಟಕಟಕ ಬಡಿತ) ಶುರುವಾಯಿತು. ಅನುಮಾನ ಬಂದು ಅದೇ ಸೆನ್ಸರನ್ನು ಗೆಳೆಯನ ಇಂಜೆಕ್ಷನ್ ಕಾರಿನ ಪೈಪಿಗೆ ಹಾಕಿ ನೋಡಿದೆವು. ಬಿಸಿಯಾದ ಎಂಜಿನ್, ಐಡಲ್‌ನಲ್ಲಿ ಸರಿಸಮ ಹದದ ಅಂಕಿ 14.7ರ ಆಸುಪಾಸು ಆಡಬೇಕಿತ್ತು. ಗೇಜು 13.2ರಲ್ಲಿ ಕೂತಿತ್ತು. ಕಾರು ಸರಿಯಾಗೇ ಇತ್ತು, ತಪ್ಪಿದ್ದದ್ದು ಸೆನ್ಸರ್. ಇನ್ನೂ ನಾಲ್ಕು ದಿನ ಹಾಗೇ ಓಡಿಸಿದ್ದರೆ ಪಿಸ್ಟನ್ನಿಗೇ ಪೆಟ್ಟು ಬೀಳುತ್ತಿತ್ತು.

ಹಾಗಾಗಿ ಸೆನ್ಸರನ್ನು ಆ ಬ್ರ್ಯಾಂಡಿನ ಅಧಿಕೃತ ಡೀಲರಿಂದ, ಅಥವಾ ಕಂಟ್ರೋಲರ್ ಮಾಡಿದ ಕಂಪನಿಯಿಂದಲೇ ತರಿಸಿ. ಹೊರದೇಶದಿಂದ ತರಿಸುವುದಾದರೆ ವೆಬ್‌ಸೈಟಿನಲ್ಲಿ ಕಂಡ ಬೆಲೆಗೆ ಕೊರಿಯರ್, ಕಸ್ಟಮ್ಸ್ ಸುಂಕ, ಜಿಎಸ್‌ಟಿ ಎಲ್ಲ ಸೇರಿಸಿ ಲೆಕ್ಕ ಹಾಕಿ. ಎಲ್ಲ ಸೇರಿಸಿದಾಗ ಕೆಲವೊಮ್ಮೆ ಇಲ್ಲಿನ ಡೀಲರಿನ ಬೆಲೆಯೇ ಕಡಿಮೆ ಬೀಳುತ್ತದೆ. ಹಳೆ ಸೆನ್ಸರ್ ಸೆಕೆಂಡ್‌ಹ್ಯಾಂಡ್ ಕೊಳ್ಳಬೇಡಿ. ಕಂಟ್ರೋಲರ್ ಮಾತ್ರ ಸೆಕೆಂಡ್‌ಹ್ಯಾಂಡ್ ಆದರೂ ನಡೆಯುತ್ತದೆ, ಅದಕ್ಕೆ ಹೊಸ ಸೆನ್ಸರ್ ಹಾಕಿಕೊಳ್ಳಿ. ಬಜೆಟ್ ತೀರಾ ಬಿಗಿ ಇದ್ದವರಿಗೆ ನಾನು ಹೇಳುವ ದಾರಿ ಇದೇ.

ಪೈಪಿಗೆ ತೂತು ಹೊಡೆಸುವುದು

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಎಷ್ಟೇ ಒಳ್ಳೆಯ ಸೆನ್ಸರ್ ತಂದರೂ ಕೂರಿಸಿದ ಜಾಗ ತಪ್ಪಿದರೆ ಅಂಕಿ ತಪ್ಪುತ್ತದೆ.

ಸೆನ್ಸರಿನ ಮರೆ (ಥ್ರೆಡ್) 18 ಮಿಲಿಮೀಟರ್, 1.5 ಪಿಚ್. ಅದಕ್ಕೆ ಹೊಂದುವ ದಪ್ಪ ನಟ್ಟಿನಂಥ ತುಂಡನ್ನು ಬಂಗ್ ಅನ್ನುತ್ತಾರೆ. ಕಿಟ್ಟಿನ ಜೊತೆ ಬರುತ್ತದೆ. ಬರದಿದ್ದರೆ ಲೇತ್ ಅಂಗಡಿಯಲ್ಲಿ ಮಾಡಿಸಬಹುದು. ಕರಾವಳಿಯವರು ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲಿನದ್ದೇ ಮಾಡಿಸಿ. ಬರೀ ಕಬ್ಬಿಣದ್ದಾದರೆ ಎರಡು ಮಳೆಗಾಲದಲ್ಲಿ ಮರೆ ತುಕ್ಕು ಹಿಡಿದು ಸೆನ್ಸರ್ ಬಿಚ್ಚಲು ಬರುವುದಿಲ್ಲ.

ಜಾಗ ಎಲ್ಲಿ? ಎಲ್ಲ ಸಿಲಿಂಡರಿನ ಪೈಪುಗಳು ಒಂದಾದ ಮೇಲೆ, ಕ್ಯಾಟ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ ಡಬ್ಬಿ) ಇದ್ದರೆ ಅದಕ್ಕಿಂತ ಮುಂಚೆ, ಟರ್ಬೋ ಇದ್ದರೆ ಟರ್ಬೋದ ನಂತರ. ಎಂಜಿನ್ನಿಗೆ ತೀರಾ ಹತ್ತಿರ ಬೇಡ, ಬಿಸಿ ಜಾಸ್ತಿಯಾಗುತ್ತದೆ. ಸೆನ್ಸರಿನ ಬುಡದ ಷಡ್ಭುಜ ಭಾಗ 600 ಡಿಗ್ರಿ ದಾಟಬಾರದು. ಬೈಕಿನವರು ಸೈಲೆನ್ಸರಿನ ಹಿಂದಿನ ತುದಿಗೂ ಹಾಕಬೇಡಿ. ಅಲ್ಲಿ ಹೊರಗಿನ ಗಾಳಿ ಒಳಗೆ ನುಗ್ಗಿ ಸುಳ್ಳು ಲೀನ್ ತೋರಿಸುತ್ತದೆ.

ಎಲ್ಲಕ್ಕಿಂತ ಮುಖ್ಯ, ಸೆನ್ಸರ್ ಪೈಪಿನ ಮೇಲ್ಭಾಗದಲ್ಲಿ ಇರಬೇಕು. ನೆಲಕ್ಕೆ ಸಮಾನಾಂತರ ಗೆರೆಗಿಂತ ಕನಿಷ್ಠ 10 ಡಿಗ್ರಿ ಮೇಲೆ, ತುದಿ ಕೆಳಗೆ ನೋಡುವ ಹಾಗೆ. ನಮ್ಮ ಜಿಪ್ಸಿಗೆ ವೆಲ್ಡಿಂಗ್ ಮಾಡಿಸುವಾಗ ಆದದ್ದು ಹೇಳುತ್ತೇನೆ. ಗಾಡಿ ರ‍್ಯಾಂಪಿನ ಮೇಲಿತ್ತು. ಹುಡುಗ ಕೆಳಗಿನಿಂದ ಪೈಪ್ ಸವರಿ ನೋಡಿ, "ಅಣ್ಣಾ, ಮೇಲೆ ಕೈ ಹೋಗೋದಿಲ್ಲ. ಕೆಳಗೇ ಹೊಡೀಲಾ? ಆರಾಮಾಗಿ ಬಿಚ್ಚಬಹುದು" ಅಂದ. "ಬೇಡ ತಮ್ಮಾ, ಕೆಳಗೆ ನೀರು ಕೂರುತ್ತದೆ" ಅಂದೆ. ಅವನಿಗೆ ನಂಬಿಕೆ ಬರಲಿಲ್ಲ. ಬೆಳಗಿನ ಹೊತ್ತು, ಎಂಜಿನ್ ತಣ್ಣಗಿತ್ತು. ಸ್ಟಾರ್ಟ್ ಮಾಡಿಸಿ ಸೈಲೆನ್ಸರಿನ ತುದಿ ತೋರಿಸಿದೆ. ಒಂದು ನಿಮಿಷದಲ್ಲಿ ಹನಿ ಹನಿಯಾಗಿ ನೀರು ಬೀಳತೊಡಗಿತು. ಪೆಟ್ರೋಲ್ ಉರಿದರೆ ನೀರಾವಿ ಬರುತ್ತದೆ, ತಣ್ಣನೆ ಪೈಪಿನಲ್ಲಿ ಅದು ಹನಿಯಾಗುತ್ತದೆ. 780 ಡಿಗ್ರಿ ಕಾದ ಸೆರಾಮಿಕ್ ಮೇಲೆ ಆ ಒಂದು ಹನಿ ಬಿದ್ದರೆ ಬಿರುಕು ಬಿಡುತ್ತದೆ. ಕಾದ ಚಿಮಣಿ ಗಾಜಿಗೆ ನೀರು ಸಿಡಿದ ಹಾಗೆ. ಹುಡುಗ ಮತ್ತೆ ಮಾತಾಡಲಿಲ್ಲ. ಪೈಪನ್ನೇ ಬಿಚ್ಚಿ ಕೆಳಗಿಳಿಸಿ, ಮೇಲ್ಗಡೆ ತೂತು ಹೊಡೆದುಕೊಟ್ಟ.

ವೆಲ್ಡಿಂಗ್ ಮಾಡುವಾಗ ಬಂಗಿನ ಒಳಗೆ ಅದೇ ಮರೆಯ ಹಳೆ ಬೋಲ್ಟ್ ತಿರುಗಿಸಿಟ್ಟರೆ ಮರೆ ಸೊಟ್ಟಗಾಗುವುದಿಲ್ಲ. ಸೆನ್ಸರ್ ಹಾಕಿಟ್ಟು ವೆಲ್ಡ್ ಮಾಡಿಸಬೇಡಿ. ಬ್ಯಾಟರಿ ಟರ್ಮಿನಲ್ ಬಿಚ್ಚಿಡಿ. ಪೈಪು ಒಳಗೆ ತಣ್ಣಗಾದ ಮೇಲೆ ಸೆನ್ಸರ್ ಹಾಕಿ, 40ರಿಂದ 60 ನ್ಯೂಟನ್ ಮೀಟರ್ ಬಿಗಿ ಸಾಕು.

ಆಮೇಲೆ ಎಂಜಿನ್ನಿನಿಂದ ಸೆನ್ಸರಿನವರೆಗೆ ಎಲ್ಲೂ ಲೀಕ್ ಇಲ್ಲ ಅಂತ ನೋಡಬೇಕು. ಹೊಗೆ ಹೊರಗೆ ಹೋಗುವ ತೂತಿನಲ್ಲೇ ನಡುನಡುವೆ ಗಾಳಿ ಒಳಗೂ ಬರುತ್ತದೆ. ಆ ಗಾಳಿಯ ಆಕ್ಸಿಜನ್ ನೋಡಿ ಸೆನ್ಸರ್ ಲೀನ್ ಅನ್ನುತ್ತದೆ, ನೀವು ಪೆಟ್ರೋಲ್ ಜಾಸ್ತಿ ಮಾಡುತ್ತೀರಿ, ಪ್ಲಗ್ ಕಪ್ಪಾಗುತ್ತದೆ. ಆದರೆ ಲೀಕ್ ಮುಚ್ಚಲು ಸಿಲಿಕಾನ್ ಪೇಸ್ಟ್ ಹಚ್ಚಬೇಡಿ. ಅದರ ಆವಿ ಸೆನ್ಸರನ್ನೇ ಕೊಲ್ಲುತ್ತದೆ. ಹೊಸ ಗ್ಯಾಸ್ಕೆಟ್ ಹಾಕಿಸಿ.

ವೈರಿಂಗ್

ಪವರ್ ಇಗ್ನಿಷನ್ ಕೀ ಜೊತೆ ಬರುವ ಹಾಗೆ ರಿಲೇ ಮೂಲಕ ಕೊಡಿ, ಪುಸ್ತಕದಲ್ಲಿ ಹೇಳಿದ ಫ್ಯೂಸ್ ಹಾಕಿ. ಎಂಜಿನ್ ಓಡುತ್ತಿರುವಾಗ ಸೆನ್ಸರಿಗೆ ಕರೆಂಟ್ ಇಲ್ಲದೆ ಇರಬಾರದು. ಬಿಸಿ ಇಲ್ಲದ ಸೆನ್ಸರಿನ ಮೇಲೆ ಮಸಿ ಕೂತು ಹಾಳಾಗುತ್ತದೆ. ಹಾಗೆಯೇ ಎಂಜಿನ್ ಬಂದ್ ಇಟ್ಟು ಕೀ ಆನ್ ಮಾಡಿ ಮಾತಾಡುತ್ತ ಕೂರುವುದೂ ಬೇಡ.

ಬಿಸಿಯಾಗುವ ಹೊತ್ತಿಗೆ ಹೀಟರ್ 2–3 ಆಂಪಿಯರ್ ಎಳೆಯುತ್ತದೆ. ಜೀಪು, ಕಾರಿಗೆ ಇದು ಏನೂ ಅಲ್ಲ. 100–150 ಸಿಸಿ ಬೈಕಿನ ಸಣ್ಣ ಬ್ಯಾಟರಿಗೆ ಇದು ದೊಡ್ಡ ಹೊರೆ. ಬ್ಯಾಟರಿ, ಚಾರ್ಜಿಂಗ್ ಎರಡೂ ಗಟ್ಟಿ ಇದೆ ಅಂತ ಮೊದಲು ನೋಡಿಸಿ.

ಇಸಿಯುಗೆ ಜೋಡಿಸುವವರು ಅರ್ತ್ ಕಡೆ ಗಮನ ಕೊಡಿ. ಸಿಗ್ನಲಿನ ಅರ್ತನ್ನು ಇಸಿಯುವಿನ ಸೆನ್ಸರ್ ಅರ್ತಿಗೇ ಕೊಡಿ. 10ರಿಂದ 20ರ ಸ್ಕೇಲಿನಲ್ಲಿ ಬರೀ 0.1 ವೋಲ್ಟ್ ವ್ಯತ್ಯಾಸ ಬಂದರೂ ಅಂಕಿ 0.2 ತಪ್ಪುತ್ತದೆ. ಗೇಜಿನಲ್ಲಿ ಒಂದು, ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಕಂಡರೆ ಮೊದಲು ಅರ್ತ್ ನೋಡಿ.

ನಂಬುವ ಮುಂಚೆ ಪರೀಕ್ಷೆ

ಪೈಪಿಗೆ ಹಾಕುವ ಮೊದಲೇ ಸೆನ್ಸರನ್ನು ಹೊರಗಿನ ಗಾಳಿಯಲ್ಲಿ ನೇತುಹಾಕಿ ಪವರ್ ಕೊಡಿ. ತುದಿ ಸುಡುತ್ತದೆ, ಮುಟ್ಟಬೇಡಿ. ಹತ್ತಿರ ಪೆಟ್ರೋಲ್ ಇರಬಾರದು. ಗೇಜ್ ಲೀನ್ ಕಡೆಯ ಕೊನೆಯ ಅಂಕಿಗೆ ಹೋಗಿ ನಿಲ್ಲಬೇಕು. ಆಕ್ಸಿಜನ್ ಶೇಕಡಾ ತೋರಿಸುವ ಗೇಜ್ ಆದರೆ 20.9ರ ಹತ್ತಿರ ಬರಬೇಕು. ಎರಡನೆಯ ಪರೀಕ್ಷೆ ನಾನು ಗೆಳೆಯನ ಕಾರಿನಲ್ಲಿ ಮಾಡಿದ್ದೇ. ಆರೋಗ್ಯವಾಗಿರುವ ಇಂಜೆಕ್ಷನ್ ಗಾಡಿ, ಬಿಸಿ ಎಂಜಿನ್, ಐಡಲ್. ಅಂಕಿ ಸರಿಸಮ ಹದದ, ಅಂದರೆ 14.7 ಅಥವಾ ಲ್ಯಾಂಬ್ಡಾ 1ರ, ಆಚೀಚೆ ಸ್ವಲ್ಪ ಓಲಾಡಬೇಕು.

ಅಂಕಿಯನ್ನು ಲ್ಯಾಂಬ್ಡಾದಲ್ಲಿ ಓದಿ

ಗಾಳಿ–ಪೆಟ್ರೋಲ್ ಅನುಪಾತ 14.7 ಅಂದರೆ, ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು ಅಂತ ಅರ್ಥ. ಇದು ಎಥನಾಲ್ ಬೆರೆಸದ ಪೆಟ್ರೋಲಿನ ಲೆಕ್ಕ. ಈಗ ಬಂಕಿನಲ್ಲಿ ಸಿಗುವುದು ಇ20. ಎಥನಾಲಿಗೆ ಬೇಕಾದದ್ದು ಒಂದಕ್ಕೆ ಬರೀ 9 ಗಾಳಿ. ನೂರಕ್ಕೆ 20 ಪಾಲು ಅದನ್ನು ಬೆರೆಸಿದರೆ ಸರಿಸಮ ಅನುಪಾತ ಸುಮಾರು 13.5ಕ್ಕೆ ಇಳಿಯುತ್ತದೆ.

ಸೆನ್ಸರಿಗೆ ಇದು ಯಾವುದೂ ಗೊತ್ತಿಲ್ಲ. ಅದು ಅಳೆಯುವುದು ಲ್ಯಾಂಬ್ಡಾ. ಸರಿಸಮ ಇದ್ದರೆ 1, ರಿಚ್ ಇದ್ದರೆ ಒಂದಕ್ಕಿಂತ ಕಮ್ಮಿ, ಲೀನ್ ಇದ್ದರೆ ಜಾಸ್ತಿ. ಪೆಟ್ರೋಲ್ ಯಾವುದೇ ಇರಲಿ ಇದು ಬದಲಾಗುವುದಿಲ್ಲ. ಗೇಜು ಸುಮ್ನೆ ಅದನ್ನು 14.7ರಿಂದ ಗುಣಿಸಿ ತೋರಿಸುತ್ತದೆ. ಹಾಗಾಗಿ ಗೇಜಿನಲ್ಲಿ ಲ್ಯಾಂಬ್ಡಾ ಆಯ್ಕೆ ಇದ್ದರೆ ಮೊದಲ ದಿನವೇ ಅದಕ್ಕೆ ಬದಲಿಸಿಕೊಳ್ಳಿ.

ಹಳೆ ಕಾರ್ಬೋರೇಟರ್ ಗಾಡಿಯವರಿಗೆ ಇದರಲ್ಲಿ ಒಂದು ದೊಡ್ಡ ವಿಷಯ ಇದೆ. ಜೆಟ್ಟಿನ ತೂತಿಗೆ ಇ20 ಬಂದದ್ದು ಗೊತ್ತಾಗುವುದಿಲ್ಲ, ಅದು ಹೆಚ್ಚುಕಮ್ಮಿ ಅಷ್ಟೇ ಇಂಧನ ಬಿಡುತ್ತದೆ. ಮೊದಲು ಫುಲ್ ಆಕ್ಸಿಲರೇಟರಿನಲ್ಲಿ 12.8 ಇದ್ದ ಗಾಡಿ, ಲ್ಯಾಂಬ್ಡಾ 0.87, ಅದೇ ಜೆಟ್ಟಿನಲ್ಲಿ ಇ20 ಹಾಕಿದರೆ 0.95ಕ್ಕೆ ಹೋಗುತ್ತದೆ. ಗೇಜಿನಲ್ಲಿ ಅದು 13.9 ಅಂತ ಕಾಣುತ್ತದೆ. ಘಟ್ಟದಲ್ಲಿ ಲೋಡ್ ಹಾಕಿ ಹತ್ತಿಸುವ ಎಂಜಿನ್ನಿಗೆ ಇದು ಲೀನ್. ಬಿಸಿ ಏರುತ್ತದೆ, ನಾಕಿಂಗ್ ಬರಬಹುದು. ಸರಿಮಾಡಲು ಇಂಧನ ನೂರಕ್ಕೆ 8–9 ಪಾಲು ಜಾಸ್ತಿ ಬೇಕು. ಜೆಟ್ ಮೇಲಿನ ನಂಬರ್ ತೂತಿನ ಅಗಲದ್ದಾದರೆ, 110ರಿಂದ 115ಕ್ಕೆ ಹೋದರೆ ತೂತಿನ ವಿಸ್ತೀರ್ಣ ಸುಮಾರು 9 ಪಾಲು ಹೆಚ್ಚುತ್ತದೆ. ಆದರೆ ಈ ಲೆಕ್ಕ ನಂಬಿ ಜೆಟ್ ಹಾಕಿ ಬಿಟ್ಟುಬಿಡಬೇಡಿ, ಗೇಜ್ ನೋಡಿಯೇ ತೀರ್ಮಾನ ಮಾಡಿ.

ಟರ್ಬೋ ಇಲ್ಲದ ಸಾಮಾನ್ಯ ಪೆಟ್ರೋಲ್ ಎಂಜಿನ್ನಿಗೆ ನಾನು ಇಟ್ಟುಕೊಳ್ಳುವ ಗುರಿ ಹೀಗಿದೆ. ಐಡಲ್‌ನಲ್ಲಿ 0.95ರಿಂದ 1. ಸಮತಟ್ಟು ರಸ್ತೆಯಲ್ಲಿ ನಿಧಾನ ಓಟಕ್ಕೆ 1ರಿಂದ 1.05. ಫುಲ್ ಆಕ್ಸಿಲರೇಟರಿನಲ್ಲಿ 0.85ರಿಂದ 0.88. ಟರ್ಬೋ ಇದ್ದರೆ ಇನ್ನೂ ರಿಚ್, 0.80ರ ಹತ್ತಿರ ಶುರುಮಾಡಿ.

ಎರಡು ಕಡೆ ಸೆನ್ಸರ್ ನಿಜ ಹೇಳಿದರೂ ನಾವು ತಪ್ಪು ತಿಳಿಯುತ್ತೇವೆ. ಮಿಸ್‌ಫೈರ್ ಆದರೆ, ಅಂದರೆ ಸಿಲಿಂಡರಿನಲ್ಲಿ ಬೆಂಕಿ ಹತ್ತದೆ ಹೋದರೆ, ಉರಿಯದ ಆಕ್ಸಿಜನ್ ಹಾಗೇ ಹೊರಬಂದು ಲೀನ್ ಕಾಣುತ್ತದೆ, ತೀರಾ ರಿಚ್ ಆಗಿ ಮಿಸ್ ಹೊಡೆಯುತ್ತಿದ್ದರೂ ಸಹ. ಮೊದಲು ಪ್ಲಗ್, ಕಾಯಿಲ್ ಸರಿ ಇದೆಯಾ ನೋಡಿ. ಇನ್ನೊಂದು, ಇಂಜೆಕ್ಷನ್ ಗಾಡಿಯಲ್ಲಿ ಘಟ್ಟ ಇಳಿಯುವಾಗ ಕಾಲು ತೆಗೆದರೆ ಗೇಜ್ ಲೀನ್ ಕೊನೆಗೆ ಹೋಗುತ್ತದೆ. ಆಗ ಇಸಿಯು ಪೆಟ್ರೋಲನ್ನೇ ನಿಲ್ಲಿಸಿರುತ್ತದೆ, ಗಾಬರಿ ಬೇಡ.

ಘಟ್ಟದಲ್ಲಿ ಒಂದು ದಿನ

ಡ್ರೈವರ್ ಗೇಜ್ ನೋಡಬಾರದು. ದೇವಿಮನೆಯಾಗಲಿ ಅರಬೈಲಾಗಲಿ, ತಿರುವಿನಲ್ಲಿ ಲಾರಿ ಎದುರು ಬರುವ ರಸ್ತೆ ಅದು. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ, ಅವರು ಮೊಬೈಲಿನಲ್ಲಿ ಗೇಜಿನ ವಿಡಿಯೋ ಮಾಡಲಿ. ಗೇರ್ ಯಾವುದು, ಆಕ್ಸಿಲರೇಟರ್ ಅರ್ಧವೋ ಫುಲ್ಲೋ ಅಂತ ನೀವು ಬಾಯಲ್ಲಿ ಹೇಳುತ್ತ ಹೋಗಿ. ಮನೆಗೆ ಬಂದು ವಿಡಿಯೋ ನೋಡಿದರೆ ಎಲ್ಲ ಸಿಗುತ್ತದೆ.

ಎತ್ತರದಿಂದ ಎಷ್ಟು ವ್ಯತ್ಯಾಸ? 600 ಮೀಟರಿಗೆ ಗಾಳಿ ನೂರಕ್ಕೆ ಐದಾರು ಪಾಲು ತೆಳ್ಳಗಾಗುತ್ತದೆ. ಕಾರ್ಬೋರೇಟರಿನಲ್ಲಿ ಅದರ ಅರ್ಧದಷ್ಟು, ಸುಮಾರು 3 ಪಾಲು, ಮಿಕ್ಸ್ಚರ್ ರಿಚ್ ಆಗುತ್ತದೆ. ಕುಮಟಾದಲ್ಲಿ 0.90 ಇದ್ದದ್ದು ಶಿರಸಿಯಲ್ಲಿ 0.87ರ ಹತ್ತಿರ. ಜೊತೆಗೆ ಜೂನ್–ಜುಲೈನಲ್ಲಿ ನಮ್ಮ ಗಾಳಿಯಲ್ಲಿ ನೂರಕ್ಕೆ 3 ಪಾಲಿಗೂ ಮಿಕ್ಕಿ ನೀರಾವಿ ಇರುತ್ತದೆ, ಅಷ್ಟು ಆಕ್ಸಿಜನ್ ಕಡಿಮೆ. ನಮ್ಮ ಜಿಪ್ಸಿ ಮಳೆಗಾಲದಲ್ಲಿ ಜಾಸ್ತಿ ಮಂಕಾಗುತ್ತಿದ್ದದ್ದು ಯಾಕೆ ಅಂತ ಈ ಲೆಕ್ಕ ಹಾಕಿದಾಗಲೇ ನನಗೆ ಅರ್ಥವಾದದ್ದು. ಟ್ಯೂನಿಂಗನ್ನು ಕೆಳಗೆ, ಒಣ ಹವೆಯಲ್ಲಿ ಮಾಡಿ. ಅಲ್ಲಿ ಫುಲ್ ಲೋಡಿನಲ್ಲಿ 0.88 ಇಟ್ಟರೆ ಮೇಲೆ ಮಳೆಯಲ್ಲಿ ಸ್ವಲ್ಪ ರಿಚ್ ಆದರೂ ಎಂಜಿನ್ನಿಗೆ ಅಪಾಯವಿಲ್ಲ. ಮೇಲೆ ಟ್ಯೂನ್ ಮಾಡಿ ಕೆಳಗೆ ಇಳಿಸಿದರೆ ಲೀನ್ ಆಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ರಸ್ತೆಯಲ್ಲಿ ಮತ್ತೆ ಓಡಿಸಿ.

ಟ್ಯೂನಿಂಗ್ ಮುಗಿದ ಮೇಲೆ ಹೊಗೆ ತಪಾಸಣೆ ಮಾಡಿಸಿ ಪಿಯುಸಿ ತೆಗೆದುಕೊಳ್ಳಿ. ಕ್ಯಾಟ್ ಕನ್ವರ್ಟರ್ ತೆಗೆಯಬೇಡಿ. ಇಸಿಯು ಅಥವಾ ಎಂಜಿನ್ ಬದಲಿಸುವ ಯೋಚನೆ ಇದ್ದರೆ ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ಅನ್ವಯವಾಗುತ್ತದೆ, ಮೊದಲು ಆರ್‌ಟಿಒದಲ್ಲಿ ಕೇಳಿ.

ಬಾಳಿಕೆಗೆ

ಟೂ-ಸ್ಟ್ರೋಕ್ ಬೈಕಿನ ಆಯಿಲ್ ಹೊಗೆ ಸೆನ್ಸರನ್ನು ಬೇಗ ಕೆಡಿಸುತ್ತದೆ. ಟ್ಯೂನಿಂಗ್ ಆಗುವಷ್ಟು ಹೊತ್ತು ಮಾತ್ರ ಹಾಕಿ. ಆಯಿಲ್ ಕುಡಿಯುವ ಎಂಜಿನ್ನಿಗೂ ಅದೇ ಮಾತು. ಬೈತಖೋಲದ ಕಡೆಯ ಗೆಳೆಯರೊಬ್ಬರು ದೋಣಿಯ ಔಟ್‌ಬೋರ್ಡಿಗೆ ಹಾಕಬಹುದಾ ಅಂತ ಕೇಳಿದ್ದರು. ಬೇಡ ಅಂದೆ. ಅದರ ಹೊಗೆಯ ದಾರಿಗೆ ತಂಪು ಮಾಡಲು ನೀರು ಸೇರುತ್ತದೆ, ಸೆನ್ಸರ್ ಉಳಿಯುವುದಿಲ್ಲ.

ಕಾರ್ಬೋರೇಟರ್ ಗಾಡಿಯಲ್ಲಿ ಸೆನ್ಸರ್ ವರ್ಷವಿಡೀ ಇರಬೇಕಾಗಿಲ್ಲ. ಕೆಲಸ ಮುಗಿದ ಮೇಲೆ ಬಿಚ್ಚಿ, ಬಂಗಿಗೆ ಅದೇ ಮರೆಯ ಮುಚ್ಚಳ ತಿರುಗಿಸಿಡಿ. ಮರೆಗೆ ಸ್ವಲ್ಪ ತಾಮ್ರದ ಆಂಟಿ-ಸೀಜ್ ಪೇಸ್ಟ್ ಹಚ್ಚಿ. ಸೆನ್ಸರಿನ ತುದಿಗೆ ತಾಗಬಾರದು. ಮಳೆಗಾಲದಲ್ಲಿ ಸೆನ್ಸರ್ ಮತ್ತು ಕಂಟ್ರೋಲರನ್ನು ಅಕ್ಕಿ ಡಬ್ಬಿಯಂಥ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಣಗಿದ ಜಾಗದಲ್ಲಿಡಿ, ಕನೆಕ್ಟರಿಗೆ ತೇವ ತಾಗದಿರಲಿ.

ನಾವು ಮೂವರು ಗೆಳೆಯರು ಸೇರಿ ಒಂದೇ ಕಿಟ್ ಇಟ್ಟುಕೊಂಡಿದ್ದೇವೆ. ಮೂರೂ ಗಾಡಿಗೆ ಬಂಗ್ ವೆಲ್ಡ್ ಮಾಡಿಸಿದೆವು, ಮೂರಕ್ಕೂ ರಿಲೇ ಮತ್ತು ಒಂದೇ ಥರದ ಪ್ಲಗ್ ಕೊಟ್ಟೆವು. ಯಾರಿಗೆ ಬೇಕೋ ಅವರು ಒಯ್ಯುತ್ತಾರೆ. ಡಬ್ಬಿಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದೇವೆ. ಯಾವ ಗಾಡಿಗೆ, ಯಾವ ದಿನ, ಎಷ್ಟು ಗಂಟೆ ಓಡಿತು, ಹೊರಗಿನ ಗಾಳಿಯ ಪರೀಕ್ಷೆಯಲ್ಲಿ ಎಷ್ಟು ತೋರಿಸಿತು ಅಂತ ಪ್ರತಿ ಸಲ ಬರೆಯುತ್ತೇವೆ. ಆ ಕೊನೆಯ ಅಂಕಿ 20.9 ಬಿಟ್ಟು ಜಾರಲು ಶುರುವಾದರೆ, ಹೊಸ ಸೆನ್ಸರಿಗೆ ಮೂವರೂ ದುಡ್ಡು ಹಾಕುತ್ತೇವೆ.